ಹಿಂದಿನ ಲೈಟ್ ಎಷ್ಟು ದಿನಕ್ಕೆ ಬರುತ್ತದೆ?

ನನ್ನ ಹೆಂಡತಿಯ ತಮ್ಮ ಕಾರು ಕೊಳ್ಳಲು ಹೊರಟಿದ್ದಾನೆ. ಬಜೆಟ್ 12 ಲಕ್ಷ. ಹೋದ ಭಾನುವಾರ ನಮ್ಮ ಮನೆಯಲ್ಲಿ ಕಡುಬು ತಿನ್ನುತ್ತಾ ಘೋಷಿಸಿದ: "ಭಾವ, ತೆಗೆದುಕೊಂಡರೆ ಸ್ವದೇಶಿಯನ್ನೇ. ನಮ್ಮ ದುಡ್ಡು ಜಪಾನಿಗೂ ಕೊರಿಯಾಕ್ಕೂ ಯಾಕೆ ಹೋಗಬೇಕು?" ಪಕ್ಕದಲ್ಲಿದ್ದ ಮಾವನವರು ತಲೆಯಾಡಿಸಿದರು. ಅವರ ಪಾಲಿಗೆ ಕಾರು ಎಂದರೆ ಇವತ್ತಿಗೂ ಅಂಬಾಸಡರ್.

ನಾನು ಸುಮ್ಮನೆ ಚಟ್ನಿ ಬಡಿಸಿಕೊಂಡಿದ್ದರೆ ಆಗುತ್ತಿತ್ತು. ಬಾಯಿ ಕೇಳಲಿಲ್ಲ.

ಮಾವನವರ ಅಂಬಾಸಡರ್ ಹುಟ್ಟಿನಿಂದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಮುಂಬೈ ಟ್ಯಾಕ್ಸಿಗಳ ಪದ್ಮಿನಿ ಇಟಲಿಯ ಫಿಯೆಟ್ 1100. ಇನ್ನು 1983ರಲ್ಲಿ ರಸ್ತೆಗಿಳಿದ ಮಾರುತಿ 800: ಹೆಸರು ದೇವರದು, ಕಂಪನಿ ಸರ್ಕಾರದ್ದು, ಕಾರು ಸುಜುಕಿಯದು. ಸರ್ಕಾರ 2007ರಲ್ಲಿ ತನ್ನ ಪಾಲನ್ನೆಲ್ಲ ಮಾರಿ ಹೊರಬಂದಿತು. ಈಗ ಅರ್ಧಕ್ಕಿಂತ ಹೆಚ್ಚು ಪಾಲು ಜಪಾನಿನವರದು. ಹನುಮಂತನ ಹೆಸರಿದೆ ಎಂದು ಲಾಭ ಕಿಷ್ಕಿಂಧೆಗೆ ಹೋಗುವುದಿಲ್ಲವಲ್ಲ. ಅತ್ತ ಅಪ್ಪಟ ಆಂಗ್ಲರ ಲ್ಯಾಂಡ್ ರೋವರ್ 2008ರಿಂದ ನಮ್ಮ ಟಾಟಾದವರ ಸ್ವತ್ತು.

ಅವನನ್ನು ನಿಜವಾಗಿ ಗೊಂದಲಕ್ಕೆ ಕೆಡವಿದ್ದು ಬಿಡದಿ. ತಟ್ಟೆ ಇಡ್ಲಿಯ ಆ ಊರಿನಲ್ಲಿ ಟೊಯೋಟಾ ಕಾರ್ಖಾನೆ ಇದೆ. ಕ್ವಾಲಿಸ್, ಇನ್ನೋವಾ ಬಂದದ್ದು ಅಲ್ಲಿಂದ. ಮಾರುತಿಯ ಹೆಸರಿನಲ್ಲಿ ಮಾರಾಟವಾಗುವ ಗ್ರ್ಯಾಂಡ್ ವಿಟಾರಾ ಕೂಡ 2022ರಲ್ಲಿ ಇದೇ ಕಾರ್ಖಾನೆಯಿಂದಲೇ ಹೊರಬಂದಿತು. ಜಪಾನಿನ ಒಂದು ಕಂಪನಿ ಇನ್ನೊಂದು ಜಪಾನಿ ಕಂಪನಿಗಾಗಿ ನಮ್ಮ ಹುಡುಗರ ಕೈಯಲ್ಲಿ ಕಟ್ಟಿಸಿ, ಮೇಲೆ ಹನುಮಂತನ ಹೆಸರಿಟ್ಟ ಕಾರು. ಇದನ್ನು ಯಾವ ಗೂಟಕ್ಕೆ ಕಟ್ಟುತ್ತೀಯಪ್ಪಾ ಎಂದು ಕೇಳಿದೆ. ಇನ್ನೊಂದು ಕಡುಬಿಗೆ ಕೈ ಹಾಕಿದ.

(ನಾನೂ ಬುದ್ಧಿವಂತನೇನಲ್ಲ. ಬೆಂಗಳೂರಿನಲ್ಲಿ ಓದುವಾಗ ಮೈಕೊ ಎಂದರೆ ಎಚ್‌ಎಂಟಿಯ ಹಾಗೆ ನಮ್ಮದೇ ಕಾರ್ಖಾನೆ ಎಂದುಕೊಂಡಿದ್ದೆ. ಒಂದು ಬಡಾವಣೆಗೇ ಅದರ ಹೆಸರಿತ್ತು! ಅದು ಜರ್ಮನಿಯ ಬಾಷ್ ಎಂದು ನನಗೆ ತಿಳಿದದ್ದು 2008ರಲ್ಲಿ ಹೆಸರು ಬದಲಾದ ಮೇಲೆ.)

ನಮ್ಮ ತೀರ್ಥಹಳ್ಳಿ ಕಡೆಯ ಗ್ಯಾರೇಜಿನವರೊಬ್ಬರು ಹಿಂದೆ ಈ ಪಾಠವನ್ನು ಎರಡೇ ನಿಮಿಷದಲ್ಲಿ ಮುಗಿಸಿದ್ದರು. ಡೀಸೆಲ್ ಸ್ವಿಫ್ಟ್ ಒಂದು, ಇಂಡಿಕಾ ವಿಸ್ಟಾ ಒಂದು ಅಕ್ಕಪಕ್ಕ ನಿಂತಿದ್ದವು. ಎರಡರ ಬಾನೆಟ್ಟನ್ನೂ ಎತ್ತಿ, ಗ್ರೀಸ್ ಮೆತ್ತಿದ ಬೆರಳಿನಿಂದ ಇದನ್ನೊಮ್ಮೆ ಅದನ್ನೊಮ್ಮೆ ತೋರಿಸಿ, "ಇವೆರಡೂ ಒಂದೇ ತಾಯಿಯ ಮಕ್ಕಳು" ಎಂದರು. ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಎಂಜಿನ್. ಒಂದನ್ನು ಸ್ವದೇಶಿ ಎಂದು, ಇನ್ನೊಂದನ್ನು ಜಪಾನಿ ಎಂದು ಕೊಂಡವರಿಬ್ಬರೂ ವರ್ಷಗಟ್ಟಲೆ ಇಟಲಿಯ ಎಂಜಿನ್ನಿನಲ್ಲಿ ಆಗುಂಬೆ ಘಾಟಿ ಹತ್ತಿದ್ದರು.

ಹಾಗೆಂದು ನಮ್ಮವರನ್ನು ಹಗುರವಾಗಿ ಕಾಣುತ್ತಿಲ್ಲ. 2014ರಲ್ಲಿ ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ಮಾರುಕಟ್ಟೆಯ ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಆಲ್ಟೊ, ನ್ಯಾನೊ, ಐ10, ಫಿಗೊ, ಪೋಲೊ ಎಲ್ಲಕ್ಕೂ ಸಿಕ್ಕಿದ್ದು ಸೊನ್ನೆ. ತಮ್ಮೂರಲ್ಲಿ ಒಂದು ನ್ಯಾಯ, ನಮಗೆ ಇನ್ನೊಂದು ನ್ಯಾಯ ಎಂಬ ವಿದೇಶಿ ಕಂಪನಿಗಳ ಧೋರಣೆ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಭಾರತದಲ್ಲಿ ತಯಾರಾಗಿ ಮೊದಲು ಐದು ನಕ್ಷತ್ರ ಪಡೆದದ್ದು ಟಾಟಾದ ನೆಕ್ಸಾನ್, 2018ರಲ್ಲಿ. ಆಮೇಲೆ ಮಹೀಂದ್ರಾ. ಇವರಿಬ್ಬರು ಮುಂದೆ ಹೋದ ಮೇಲೆ ಉಳಿದವರಿಗೂ ಬಿಸಿ ಮುಟ್ಟಿತು. 2024ರಲ್ಲಿ ಮಾರುತಿ ಡಿಜೈರ್ ಕೂಡ ಐದು ನಕ್ಷತ್ರ ತಂದಿತು. ಮಕ್ಕಳನ್ನು ಕೂರಿಸಿಕೊಂಡು ಓಡಾಡುವವನಾಗಿ ಈ ಒಂದು ಉಪಕಾರವನ್ನು ಮರೆಯಲಾರೆ.

ವಿದೇಶಿ ಕಂಪನಿಗಳು ದೇಶ ಬಿಟ್ಟುಹೋಗುವ ಮಾತನ್ನೂ ಮೈದುನ ಎತ್ತಿದ. ಸರಿಯೇ. ಷೆವರ್ಲೆ 2017ರ ಕೊನೆಗೆ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನೇ ಬಿಡುವುದಾಗಿ ಹೇಳಿತು. ಕಂಪನಿ ಹೊರಟಿತು ಎಂಬ ಸುದ್ದಿ ಬಂದರೆ ಸಾಕು, ಸೆಕೆಂಡ್ ಹ್ಯಾಂಡ್ ದಲ್ಲಾಳಿ ಮುಖ ಬೇರೆ ಕಡೆ ತಿರುಗಿಸುತ್ತಾನೆ. ಆದರೆ ಅಂಬಾಸಡರ್ ಕೂಡ 2014ರಲ್ಲಿ ನಿಂತಿತಲ್ಲ? ನಮ್ಮವರು ದೇಶ ಬಿಟ್ಟು ಹೋಗುವುದಿಲ್ಲ, ಬಾಗಿಲು ಹಾಕುತ್ತಾರೆ. ಕಾರಿನವನಿಗೆ ಎರಡೂ ಒಂದೇ.

ನನ್ನ ಕಾರಿನ ಕಥೆ ಹೇಳುತ್ತೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ಅದು ಸ್ವದೇಶಿಯೋ ವಿದೇಶಿಯೋ ಎಂದೂ ಹೇಳುವುದಿಲ್ಲ, ಹೇಳಿದರೆ ಕೆಳಗೆ ಕಾಮೆಂಟುಗಳಲ್ಲಿ ಕುರುಕ್ಷೇತ್ರವಾಗುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಚೀಲ ತುಂಬಿದ್ದ ಪಿಕಪ್ ಹಿಂದಕ್ಕೆ ಬಂದು ನನ್ನ ಕಾರಿನ ಬಲಬದಿಯ ಹಿಂದಿನ ಲೈಟಿಗೆ ತಾಗಿತು. ಸರ್ವಿಸ್ ಸೆಂಟರಿನವರು "ನಾಲ್ಕು ದಿನ ಸಾರ್" ಎಂದರು. ಬಂದದ್ದು 41 ದಿನಗಳ ನಂತರ. ಅಷ್ಟೂ ದಿನ, ಗಣಪತಿ ಪೆಂಡಾಲಿಗೆ ತಂದು ಉಳಿದಿದ್ದ ಕೆಂಪು ಜಿಲೆಟಿನ್ ಕಾಗದವನ್ನು ಬಲ್ಬಿನ ಮೇಲೆ ಅಂಟಿಸಿಕೊಂಡು ಶಿವಮೊಗ್ಗಕ್ಕೆ ಓಡಾಡಿದೆ. ಒಂದು ಮಳೆಗೆ ಒಂದು ಕಾಗದ. ಅದೇ ಹೊತ್ತಿನಲ್ಲಿ ಪಕ್ಕದ ಮನೆಯವರ ಹದಿನಾಲ್ಕು ವರ್ಷದ ಹಳೆಯ ಕಾರಿಗೆ ಬೇಕಾದ ಲೈಟ್ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ದಾರಕ್ಕೆ ನೇತಾಡುತ್ತಿತ್ತು.

ಹಾಗಾಗಿ ಮೈದುನನಿಗೆ ಹೇಳಿದೆ: ಬಾವುಟ ನೋಡಬೇಡ. ನಕ್ಷತ್ರ ನೋಡು, ನಮ್ಮ ಗ್ಯಾರೇಜಿನವರು ಕೈ ಹಾಕಬಲ್ಲ ಕಾರೇ ಎಂದು ನೋಡು. ಆರ್‌ಟಿಒದವರೂ ಬಾವುಟ ನೋಡುವುದಿಲ್ಲ. ಬೆಲೆ 10 ಲಕ್ಷ ದಾಟಿ 20 ಲಕ್ಷದೊಳಗಿದ್ದರೆ ಯಾರ ಪೆಟ್ರೋಲ್ ಕಾರಾದರೂ ಶೇ 17ರ ತೆರಿಗೆ ಕಿತ್ತುಕೊಳ್ಳುತ್ತಾರೆ. ಶೋರೂಮಿನಲ್ಲಿ ಸನ್‌ರೂಫ್ ತೋರಿಸಲು ಬಂದವನಿಗೆ ಒಂದೇ ಪ್ರಶ್ನೆ ಕೇಳು: ಹಿಂದಿನ ಲೈಟ್ ಒಡೆದರೆ ಎಷ್ಟು ದಿನಕ್ಕೆ ಬರುತ್ತದೆ?

ನಿನ್ನೆ ಮೈದುನ ಮೂರು ಶೋರೂಮು ಸುತ್ತಿ ಬಂದ. ಎರಡು ಕಡೆ, "ಅದೆಲ್ಲ ಆಮೇಲೆ, ಮೊದಲು ಕಾಫಿ ಕುಡಿಯಿರಿ ಸಾರ್" ಎಂದರಂತೆ. ಮೂರನೆಯ ಕಡೆ ಒಬ್ಬಳು ಹುಡುಗಿ ಕಂಪ್ಯೂಟರ್ ನೋಡಿ, "ಎಡಗಡೆಯದು ಸ್ಟಾಕ್ ಇದೆ, ಬಲಗಡೆಯದು ಎಂಟು ದಿನ" ಎಂದಳಂತೆ. ಇವನು ಅಲ್ಲೇ ಮುಂಗಡ ಕೊಟ್ಟು ಬಂದಿದ್ದಾನೆ. ಯಾವ ದೇಶದ ಕಂಪನಿ ಎಂದು ನಾನು ಕೇಳಲಿಲ್ಲ. ಮಾವನವರು ಕೇಳಿದರು; ಬಣ್ಣ ಬಿಳಿ ಎಂದಷ್ಟೇ ಹೇಳಿದ.