ಕಿರುಚಿತ್ರ ಮಾಡುವವರೇ, ಆ ಲಾಟೀನು ಕೆಳಗಿಡಿ

ಕಾರವಾರದಿಂದ ಶಿರಸಿಯವರೆಗೆ ಈಗ ಎಲ್ಲಿ ನೋಡಿದರೂ ಕಾಲೇಜು ಹುಡುಗರ ಕಿರುಚಿತ್ರ. ಖುಷಿಯೇ. ನನ್ನನ್ನೂ ನೋಡಲು ಕರೆಯುತ್ತಾರೆ, ಕರೆದಲ್ಲಿ ಹೋಗುತ್ತೇನೆ. ಬಾಡಿಗೆ ಕ್ಯಾಮೆರಾ ಚೆನ್ನಾಗಿರುತ್ತದೆ, ಡ್ರೋನಲ್ಲಿ ಕಡಲು ಇನ್ನೂ ಚೆನ್ನಾಗಿರುತ್ತದೆ. ಪಾತ್ರದ ಕೈಲಿರುವ ಸಾಮಾನು ಮಾತ್ರ ನಿನ್ನೆ ಸಂಜೆ ಪೇಟೆಯಿಂದ ತಂದದ್ದು ಅಂತ ಗೊತ್ತಾಗಿಬಿಡುತ್ತದೆ.

ಮೊನ್ನೆ ನೋಡಿದ ಒಂದರಲ್ಲಿ ಅಡಿಕೆ ಸುಲಿಯುವ ದೃಶ್ಯವಿತ್ತು. ಮೆಟ್ಟುಗತ್ತಿ ಹೊಚ್ಚ ಹೊಸದು, ಸ್ಟಿಕ್ಕರ್ ಕಿತ್ತ ಗೋಂದಿನ ಕಲೆ ಕೂಡ ಕಾಣುತ್ತಿತ್ತು. ಹತ್ತಾರು ಕೊಯ್ಲು ಕಂಡ ಮೆಟ್ಟುಗತ್ತಿ ಹೇಗಿರುತ್ತದೆ? ಮಣೆ ಕಾಲು ತಾಗಿ ತಾಗಿ ನುಣುಪಾಗಿರುತ್ತದೆ. ಅಲಗು ಮಸೆದು ಸವೆದಿರುತ್ತದೆ. ಅಡಿಕೆ ರಸದ ಚೊಗರು ಹಿಡಿದು ಕಪ್ಪಾಗಿರುತ್ತದೆ, ಸುಲಿಯುವವರ ಬೆರಳೂ ಹಾಗೇ. ಇಲ್ಲಿ ನೋಡಿದರೆ ಬೆರಳಿಗೆ ನೇಲ್ ಪಾಲಿಶ್! ಪಕ್ಕದ ಮನೆಯ ಅಜ್ಜಿಯನ್ನು ಕೇಳಿದ್ದರೆ ಕತ್ತಿಯನ್ನೂ ಕೊಡುತ್ತಿದ್ದರು, ಕೂರುವುದು ಹೇಗೆಂದು ಬೈದು ಕಲಿಸುತ್ತಲೂ ಇದ್ದರು.

ಇನ್ನು ಲಾಟೀನು. ಹಳ್ಳಿ ಅಂದ ಕೂಡಲೇ ಲಾಟೀನು ಯಾಕೆ ಬೇಕೋ! ಈಗಿನ ಹಳ್ಳಿ ಮನೆಯಲ್ಲಿ ಕರೆಂಟ್ ಹೋದರೆ ಚಾರ್ಜರ್ ಲೈಟ್ ಹುಡುಕುತ್ತಾರೆ, ಇಲ್ಲವೇ ಮೊಬೈಲ್ ಟಾರ್ಚ್. ಆನ್‌ಲೈನಲ್ಲಿ ತರಿಸಿದ ಚಂದದ ಲಾಟೀನಿಗಿಂತ ಬ್ಯಾಟರಿ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದ ಟಾರ್ಚೇ ಆ ಮನೆಯ ಕಥೆ ಜಾಸ್ತಿ ಹೇಳುತ್ತದೆ.

ಕಾಲದ ಲೆಕ್ಕವೂ ಇದೆ. ಕಥೆ 2010ರದ್ದು, ಅಪ್ಪ ಮಗಳ ಫೀಸಿಗೆ ಎಣಿಸುವುದು ಕೆಂಪುಕೋಟೆ ಚಿತ್ರದ ಬೂದು ಬಣ್ಣದ 500ರ ನೋಟು. ಅದು ಬಂದದ್ದು 2016ರ ನವೆಂಬರಿನಲ್ಲಿ, ನೋಟು ರದ್ದಾದ ಮೇಲೆ ಅಲ್ವಾ? 200ರ ನೋಟು 2017ರದ್ದು. ಹಾಗಂತ ಹಳೇ ನೋಟನ್ನು ಕಲರ್ ಜೆರಾಕ್ಸ್ ಮಾಡಲು ಹೋಗಬೇಡಿ, ಕೇಸಾಗುತ್ತದೆ. ಆಗಲೂ ಈಗಲೂ ನಡೆಯುವ ಹತ್ತರ ನಾಣ್ಯ ಎಣಿಸಲಿ, ಇಲ್ಲವೇ ನೋಟನ್ನು ಕವರಿನಲ್ಲೇ ಇಡಿ. 1985ರ ಕುಮಟೆಯ ಕಥೆಯಲ್ಲಿ ಜೇಬಿನಿಂದ ರೈಲು ಟಿಕೆಟ್ ತೆಗೆಸಿದವರೂ ಇದ್ದಾರೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ಕ್ಕೆ, ಮಾರಾಯ್ರೆ. ಶಿರಸಿಯ ತೋಟದವನ ಬೈಕಿಗೆ ಕೆಎ 31 ಬಿಟ್ಟು ಬೆಂಗಳೂರಿನ ನಂಬರ್ ಇದ್ದರೂ ಊರಿನವರು ಅಲ್ಲೇ ನಗುತ್ತಾರೆ.

ಭಾರ ಇರಬೇಕಾದ್ದಕ್ಕೆ ಭಾರ ಹಾಕಿ. ನೀರಿನ ಕೊಡ ಸೊಂಟದಲ್ಲಿದ್ದರೆ ಮೈ ಒಂದು ಕಡೆ ವಾಲುತ್ತದೆ, ಇನ್ನೊಂದು ಕೈ ತಾನಾಗಿ ಹೊರಗೆ ಚಾಚುತ್ತದೆ. ಖಾಲಿ ಕೊಡ ಹಿಡಿದು ಅದನ್ನು ನಟಿಸುವುದು ಪಳಗಿದವರಿಗೇ ಕಷ್ಟ, ಪಿಯುಸಿ ಹುಡುಗಿಗೆ ಯಾಕೆ ಆ ಶಿಕ್ಷೆ? ಅರ್ಧ ಕೊಡ ನೀರು ಹಾಕಿ ಸಾಕು. ಒಡೆಯುವ ಸಾಮಾನು ಇನ್ನೊಂದು ಜೊತೆ ಇರಲಿ. ಪ್ರತಿ ಶಾಟ್ ಮುಗಿದ ಮೇಲೆ ಮೊಬೈಲಲ್ಲಿ ಫೋಟೋ ಹೊಡೆದಿಡಿ, ಇಲ್ಲದಿದ್ದರೆ ಕುಡಿದ ಚಾ ಮುಂದಿನ ಶಾಟಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಕಾರವಾರದ ಬೀಚಲ್ಲಿ ಆಟದ ಪಿಸ್ತೂಲು ಹಿಡಿದು ಓಡುವ ಮೊದಲು ಪೊಲೀಸರಿಗೆ ತಿಳಿಸಿ, ನೌಕಾನೆಲೆ ಇರುವ ಊರದು.

ಮತ್ತೆ, ಕೇಳಿ ತಂದದ್ದನ್ನು ಹಿಂದೆ ಕೊಡಿ. ನೀವು ಮರೆತರೆ ಮುಂದಿನ ವರ್ಷದ ಹುಡುಗರಿಗೆ ಆ ಮನೆಯ ಬಾಗಿಲು ಬಂದ್.

ನಮ್ಮನೆ ಅಟ್ಟದಲ್ಲಿ ತಗಡಿನ ಟ್ರಂಕು, ಕಂಬಳಿ, ಹಾಡದ ಒಂದು ರೇಡಿಯೋ ಇವೆ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಕವಳದ, ಅಂದರೆ ಎಲೆ ಅಡಿಕೆಯ ತಬಕು ಮಾತ್ರ ಕೇಳಬೇಡಿ, ಊಟ ಆದ ಕೂಡಲೇ ಅಮ್ಮನಿಗೆ ಅದು ಬೇಕು.