ಹೇಳಿದ ಮಾತು ಕೇಳು

"ಹೇಳಿದ ಮಾತು ಕೇಳು" ಅಂತ ಮೊನ್ನೆ ರಾತ್ರಿ ಮಗಳ ಮೇಲೆ ರೇಗಿದೆ. ಪುಸ್ತಕ ಮುಚ್ಚಿಟ್ಟು ಮಲಗು ಅಂತ ಆಗಲೇ ಎರಡು ಸಲ ಹೇಳಿದ್ದೆ. ಒಂಬತ್ತು ವರ್ಷದವಳು ತಲೆ ಎತ್ತಿ, "ಕೇಳ್ತಾನೇ ಇದ್ದೀನಲ್ಲಪ್ಪಾ, ಯಾಕೆ ಅಂತ. ನೀನೇ ಹೇಳ್ತಿಲ್ಲ" ಅಂದಳು. ಎದುರುತ್ತರ ಅನ್ನಿಸಿ ಮೊದಲು ಸಿಟ್ಟೇ ಬಂತು. ಆದರೆ ದೀಪ ಆರಿಸಿ ಹೊರಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ.

ವಿಧೇಯತೆ ಅನ್ನುವುದು ಪುಸ್ತಕದ ಪದ. ಮನೆಯಲ್ಲಿ ಅದಕ್ಕೆ ನಾವು ಬಳಸುವುದು "ಕೇಳು" ಅನ್ನುವ ಒಂದೇ ಪದ. ಕಿವಿಗೊಟ್ಟರೂ ಕೇಳಿದಂತೆ, ಹೇಳಿದ ಹಾಗೆ ನಡೆದರೂ ಕೇಳಿದಂತೆ, ಪ್ರಶ್ನೆ ಮಾಡಿದರೂ ಕೇಳಿದಂತೆ. ದೊಡ್ಡವರಾದ ನಾವು ಮೊದಲಿನ ಎರಡನ್ನು ಮಕ್ಕಳಿಂದ ಬಯಸುತ್ತೇವೆ, ಮೂರನೆಯದಕ್ಕೆ ಉದ್ಧಟತನ ಅಂತ ಹೆಸರಿಡುತ್ತೇವೆ. ಪ್ರಶ್ನೆ ಮಾಡದೆ ಮಾಡಿದ್ದನ್ನು ವಿಧೇಯತೆ ಅಂತ ಕರೆಯುವುದಕ್ಕೇ ನನಗೆ ಈಗ ಮನಸ್ಸಿಲ್ಲ.

ಧರ್ಮ ಅಂದರೆ ಬಾಯಿ ಮುಚ್ಚಿಕೊಂಡು ತಲೆಬಾಗುವುದು ಅಂತ ಹೇಳುವವರು ಬಹಳ. ಭಗವದ್ಗೀತೆ ಹಾಗೆ ಹೇಳುವುದಿಲ್ಲ. "ತದ್ವಿದ್ಧಿ ಪ್ರಣಿಪಾತೇನ ಪರಿಪ್ರಶ್ನೇನ ಸೇವಯಾ" ಅನ್ನುವ ಸಾಲು ನಾಲ್ಕನೇ ಅಧ್ಯಾಯದಲ್ಲಿದೆ. ಮೊದಲು ನಮಸ್ಕಾರ, ಕೊನೆಗೆ ಸೇವೆ, ಎರಡರ ನಡುವೆ ಪ್ರಶ್ನೆ. ಕೊನೆಯ ಅಧ್ಯಾಯದಲ್ಲಿ ಕೃಷ್ಣ ಇದನ್ನೆಲ್ಲ ಪೂರ್ತಿ ಯೋಚನೆ ಮಾಡಿ ನಿನಗೆ ಹೇಗೆ ಇಷ್ಟವೋ ಹಾಗೆ ಮಾಡು ಅನ್ನುತ್ತಾನೆ. ಅದಾದ ಮೂರನೇ ಶ್ಲೋಕದಲ್ಲೇ ನನ್ನೊಬ್ಬನನ್ನೇ ಶರಣು ಹೋಗು ಅಂತಲೂ ಹೇಳುತ್ತಾನೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಕ್ರಮ ನೋಡಿ. ಯೋಚಿಸುವ ಸ್ವಾತಂತ್ರ್ಯ ಮೊದಲು ಬಂತು, ಶರಣಾಗತಿ ಆಮೇಲೆ.

ಬೈಬಲ್‌ನ ಅಬ್ರಹಾಮ ಇನ್ನೂ ಹೆಚ್ಚು ಕಾಡುತ್ತಾನೆ. ಸೊದೋಮ್ ಪಟ್ಟಣವನ್ನು ನಾಶ ಮಾಡುತ್ತೇನೆ ಅಂತ ದೇವರು ಹೇಳಿದಾಗ ಅವನು ಎದುರು ನಿಂತು ವಾದಿಸುತ್ತಾನೆ. 50 ಜನ ನೀತಿವಂತರಿದ್ದರೆ? 45 ಇದ್ದರೆ? ಹೀಗೆ ಕೇಳುತ್ತಾ ಕೇಳುತ್ತಾ 10ಕ್ಕೆ ಇಳಿಸುತ್ತಾನೆ. ಅದೇ ಮನುಷ್ಯ, ಸ್ವಂತ ಮಗನನ್ನು ಬಲಿ ಕೊಡು ಅಂದಾಗ ಒಂದು ಮಾತೂ ಕೇಳದೆ ಬೆಳಗ್ಗೆ ಎದ್ದು ಹೊರಡುತ್ತಾನೆ. ಕುರಾನಿನಲ್ಲಿ ಅವನು ಮಗನನ್ನಾದರೂ ಕೇಳುತ್ತಾನೆ: ಹೀಗೊಂದು ಕನಸು ಕಂಡೆ, ನಿನಗೇನನ್ನಿಸುತ್ತದೆ ಹೇಳು ಅಂತ. ನಂಬಿಕೆಯ ಪರಮಾವಧಿ ಅಂತ ಬಲಿಯ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಸೊದೋಮಿನ ಅಬ್ರಹಾಮನೇ ಹತ್ತಿರದವನು. ಯಾರೋ ಗುರುತಿಲ್ಲದವರ ಜೀವಕ್ಕಾಗಿ ದೇವರ ಹತ್ತಿರ ಚೌಕಾಸಿ ಮಾಡಿದವನು ಅವನು, ಆ ವಾದಕ್ಕೆ ದೇವರು ಮುನಿಯಲೂ ಇಲ್ಲ.

ಇನ್ನು ಪರಶುರಾಮ. ತಂದೆಯ ಮಾತಿನಂತೆ ತಾಯಿ ರೇಣುಕೆಯ ತಲೆ ಕಡಿದ, ತಂದೆ ಮೆಚ್ಚಿ ವರ ಕೇಳು ಅಂದಾಗ ತಾಯಿಯ ಜೀವವನ್ನೇ ಕೇಳಿದ, ಬದುಕಿಸಿಕೊಂಡ. ಚಿಕ್ಕಂದಿನಲ್ಲಿ ಇದನ್ನು ಕೇಳಿ ಎಂಥ ಜಾಣ ಅಂದುಕೊಂಡಿದ್ದೆ. ಅವನಿಗೂ ಮೊದಲು ಅದೇ ಆಜ್ಞೆ ಹೊತ್ತು ಸುಮ್ಮನೆ ನಿಂತು, ಶಾಪ ತಿಂದ ನಾಲ್ವರು ಅಣ್ಣಂದಿರಿದ್ದಾರೆ. ರುಮಣ್ವಂತ, ಸುಷೇಣ, ವಸು, ವಿಶ್ವಾವಸು. ಮಹಾಭಾರತ ಹೆಸರು ಹಿಡಿದು ಹೇಳಿದರೂ ನಮಗೆ ಯಾರಿಗೂ ಅವು ನೆನಪಿಲ್ಲ. ಪರಶುರಾಮನೂ ಕೇಳಿದ, ನಿಜ. ಕೊಡಲಿ ಬೀಸುವ ಮೊದಲು ಕೇಳಬೇಕಿದ್ದದ್ದನ್ನು ಬೀಸಿದ ಮೇಲೆ ಕೇಳಿದ. ಕತ್ತರಿಸಿದ್ದನ್ನು ಮತ್ತೆ ಕೂಡಿಸುವ ವರ ಅವನಿಗಿತ್ತು. ನಮಗಿಲ್ಲ.

ಕಾನೂನಿಗೆ ಇದು ಅರ್ಥವಾಗಲು ಒಂದು ಮಹಾಯುದ್ಧ ಬೇಕಾಯಿತು. ನಾಜಿ ನಾಯಕರ ವಿಚಾರಣೆಗೆಂದು 1945ರಲ್ಲಿ ರೂಪಿಸಿದ ಸನ್ನದಿನ 8ನೇ ವಿಧಿ, ಮೇಲಿನವರ ಆದೇಶದಂತೆ ಮಾಡಿದೆ ಅಂದರೆ ಶಿಕ್ಷೆಯ ಪ್ರಮಾಣ ತಗ್ಗಬಹುದು, ಹೊಣೆ ತಪ್ಪುವುದಿಲ್ಲ ಅಂತ ಬರೆಯಿತು. ಕಾಗದದ ಮೇಲೆ ಇದು ಸಲೀಸು. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್‌ನಲ್ಲಿ ಏನಾಯಿತು ನೋಡಿ. ಅಮೆರಿಕದ ಸೈನಿಕರು ಹೆಂಗಸರು, ಮಕ್ಕಳು, ಮುದುಕರು ಅನ್ನದೆ ನಿರಾಯುಧರನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್‌ಗೆ ಆಗ 24 ವರ್ಷ. ಕೆಳಗಿಳಿದು ಏನಿದು ಅಂತ ಕೇಳಿದ. ತನಗಿಂತ ಮೇಲಿನ ದರ್ಜೆಯ ಲೆಫ್ಟಿನೆಂಟ್ ಕ್ಯಾಲಿ, ಆದೇಶ ಪಾಲಿಸುತ್ತಿದ್ದೇನೆ ಅಂದ. ಥಾಂಪ್ಸನ್ ಮತ್ತೆ ಕೇಳಿದ: ಆದೇಶವಾ? ಯಾರ ಆದೇಶ? ಆಮೇಲೆ ಬದುಕುಳಿದವರ ಮತ್ತು ತನ್ನದೇ ದೇಶದ ಸೈನಿಕರ ನಡುವೆ ಹೆಲಿಕಾಪ್ಟರ್ ಇಳಿಸಿ, ಇವರ ಮೇಲೆ ನಮ್ಮವರು ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೆ ಹಾರಿಸಿ ಅಂತ ತನ್ನ ಜೊತೆಗಿದ್ದ ಇಬ್ಬರಿಗೆ ಹೇಳಿದ. ಸುಮಾರು ಹತ್ತು ಜನ ಉಳಿದುಕೊಂಡರು. ಅಲ್ಲಿಂದ ವಾಪಸಾಗಿ ತನ್ನ ಮೇಲಧಿಕಾರಿಗಳಿಗೇ ವರದಿ ಒಪ್ಪಿಸಿದ. ಸೈನ್ಯದ ಶಿಸ್ತು ಬಿಟ್ಟವನು ಅಂತ ಇವನನ್ನು ಕರೆಯಲು ನನಗೆ ಸಾಧ್ಯವೇ ಇಲ್ಲ. ಸೈನ್ಯ ಅವನಿಗೆ ಸೋಲ್ಜರ್ಸ್ ಮೆಡಲ್ ಕೊಟ್ಟದ್ದು 1998ರಲ್ಲಿ, 30 ವರ್ಷದ ನಂತರ.

ಎಲ್ಲದಕ್ಕೂ ಯಾಕೆ ಅಂತ ಕೇಳುತ್ತಾ ಕೂತರೆ ಲೋಕ ನಡೆಯುತ್ತದೆಯೇ ಅಂತ ನೀವು ಕೇಳಬಹುದು. ನಡೆಯುವುದಿಲ್ಲ. ಬೆಂಕಿ ಬಿದ್ದಾಗ ಓಡು ಅಂದರೆ ಓಡಬೇಕು. ಕೆಂಪು ದೀಪಕ್ಕೆ ನಿಲ್ಲಬೇಕು. ಆದರೆ ಆ ಹೊತ್ತಿನಲ್ಲಿ ಪ್ರಶ್ನೆ ಇಲ್ಲದೆ ಓಡುವಷ್ಟು ನಂಬಿಕೆ ಹುಟ್ಟುವುದು, ಬಿಡುವಿನ ಹೊತ್ತಿನಲ್ಲಿ ಕೇಳಿದ ನೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದರೆ ಮಾತ್ರ.

ಬರೀ ಕೇಳಿದರೂ ಸಾಲದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಶುರುಮಾಡಿದ ಪ್ರಯೋಗ ನಿಮಗೆ ಗೊತ್ತಿರಬಹುದು. ಪ್ರಯೋಗಕ್ಕೆ ಬಂದವರು, ಪಕ್ಕದ ಕೋಣೆಯವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಗುಂಡಿ ಒತ್ತಿ ಅವನಿಗೆ ಶಾಕ್ ಕೊಡಬೇಕು. ಶಾಕ್ ನಿಜದ್ದಲ್ಲ, ಕೊಡುವವರಿಗೆ ಅದು ತಿಳಿದಿಲ್ಲ. 40 ಜನರಲ್ಲಿ 26 ಮಂದಿ 450 ವೋಲ್ಟ್‌ವರೆಗೂ ಗುಂಡಿ ಒತ್ತಿದರು. ಅವರೇನೂ ಕಟುಕರಲ್ಲ, ಬೆವರಿದರು, ನಡುಗಿದರು. ಇಂಥ ಪ್ರಯೋಗಗಳಲ್ಲಿ, ಏನಾದರೂ ಆದರೆ ಯಾರು ಹೊಣೆ ಅಂತ ಕೇಳಿದವರೂ ಇದ್ದರು. ಹೊಣೆ ನನ್ನದು ಅಂತ ಪ್ರಯೋಗ ನಡೆಸುವವನು ಹೇಳಿದ ಮೇಲೆ ಮುಂದುವರಿದರು. ನನ್ನ ಪ್ರಕಾರ ಅವರು ಕೇಳಬಾರದ ಪ್ರಶ್ನೆ ಕೇಳಿದರು. ಹೊಣೆ ಯಾರದು ಅಂತ ಕೇಳುವವನು ಆಗಲೇ ಮಾಡುವುದಕ್ಕೆ ತಯಾರಾಗಿರುತ್ತಾನೆ. ಇದೇ ಪ್ರಯೋಗವನ್ನು ಬೇರೊಂದು ಬಗೆಯಲ್ಲಿ ನಡೆಸಿ, ಜೊತೆಗಿದ್ದ ಇಬ್ಬರು ಆಗುವುದಿಲ್ಲ ಅಂತ ಎದ್ದಾಗ, ಕೊನೆಯ ಗುಂಡಿ ಮುಟ್ಟಿದವರು 40ರಲ್ಲಿ ನಾಲ್ವರು ಮಾತ್ರ. ಎದ್ದು ನಿಲ್ಲುವ ಒಬ್ಬಿಬ್ಬರಿಗೆ ಅಷ್ಟು ಬೆಲೆ ಇದೆ.

ಇಷ್ಟು ಬರೆಯಲು ನನಗೊಂದು ಕಾರಣವಿದೆ. ನನ್ನ ಮೊದಲ ಕೆಲಸದಲ್ಲಿ, 22ನೇ ವಯಸ್ಸಿನಲ್ಲಿ, ಹಿರಿಯರೊಬ್ಬರು ದಾಸ್ತಾನು ಪುಸ್ತಕ ತಂದು ಮೇಜಿನ ಮೇಲೆ ತೆರೆದಿಟ್ಟರು. "ಪರಿಶೀಲಿಸಿದೆ, ಸರಿ ಇದೆ" ಅಂತ ಮೊದಲೇ ಬರೆದಿತ್ತು. ಕೆಳಗೆ ಮೂರು ವಾರ ಹಿಂದಿನ ತಾರೀಖು. "ಹಾಕಪ್ಪ, ಮೇಲಿನವರೇ ಹೇಳಿದ್ದಾರೆ" ಅಂದರು. ತಾರೀಖಿನ ಮೇಲೆ ಪೆನ್ನು ಒಂದು ಕ್ಷಣ ನಿಂತದ್ದು ನನಗೆ ನೆನಪಿದೆ, ಅಲ್ಲಿ ಬಿದ್ದ ಶಾಯಿಯ ಚುಕ್ಕೆಯೂ ನೆನಪಿದೆ. ಸಹಿ ಹಾಕಿದೆ. ಕೆಲವು ತಿಂಗಳ ನಂತರ ಸಾಮಾನು ಕಡಿಮೆ ಇರುವುದು ಬಯಲಾಯಿತು. ಆ ತಾರೀಖಿನವರೆಗೆ ಎಲ್ಲ ಸರಿಯಿತ್ತು ಅನ್ನುವುದಕ್ಕೆ ನನ್ನ ಸಹಿಯೇ ಸಾಕ್ಷಿ. ಹಾಗಾಗಿ ಅಲ್ಲಿಂದೀಚೆಗೆ ಗೋದಾಮು ಕಾಯಲು ಬಂದವರ ಮೇಲೆ ಅಪವಾದ ಬಂತು, ಕೆಲಸ ಹೋಯಿತು.

ಹೋಗುವ ದಿನ ಅವರು ನನ್ನ ಮೇಜಿನ ಹತ್ತಿರ ಬಂದರು. ಬೈಯಲಿಲ್ಲ. "ಅವತ್ತು ನೀವು ಒಳಗೆ ಬಂದು ನೋಡಿದ್ರಾ ಸಾರ್?" ಅಂತ ಕೇಳಿದರು. ನಾನು ತಲೆ ತಗ್ಗಿಸಿಕೊಂಡೇ ಕೂತಿದ್ದೆ. ಅವರು ಸ್ವಲ್ಪ ಹೊತ್ತು ಕಾದು ಹೋದರು.

ನೋಡಿರಲಿಲ್ಲ. ನಾನು ಒಳಗೆ ಕಾಲಿಟ್ಟಿರಲಿಲ್ಲ.