28 ದಿನದ ಲೆಕ್ಕ ನಮ್ಮದಲ್ಲ

“8 ವಾರ ಅಂದರೆ ಹಾರ್ಟ್‌ಬೀಟ್ ಕಾಣಲೇಬೇಕಿತ್ತು” ಅಂದರು ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ್. ಆಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಪರದೆ ಮೇಲೆ ಪುಟ್ಟದೊಂದು ಕಪ್ಪು ಚೀಲ, ಅದರೊಳಗೆ ಉಂಗುರದಂಥ ತೆಳು ಬಿಳಿ ಗೆರೆ. ಅಷ್ಟೇ. ಚೀಲದ ಅಳತೆ 10 ಮಿ.ಮೀ. “ಬೆಳವಣಿಗೆ ನಿಂತುಹೋಗಿದೆ ಅನ್ಸುತ್ತೆ. ನಾಳೆ ಬನ್ನಿ, ಮಾತ್ರೆ ಕೊಡ್ತೀವಿ, ತಾನಾಗೇ ಹೋಗುತ್ತೆ” ಅಂದರು.

“ನನಗೆ ಓವ್ಯುಲೇಶನ್ ಆಗಿದ್ದೇ 30ನೇ ದಿನ ಡಾಕ್ಟರ್” ಅಂತ ಎರಡು ಸಲ ಹೇಳಿದೆ. ಓವ್ಯುಲೇಶನ್ ಅಂದರೆ ಅಂಡ ಬಿಡುಗಡೆ ಆಗುವುದು. ಅವರು ಫೈಲ್ ನೋಡಿದರು. ಅದರಲ್ಲಿ ಕೊನೆಯ ಮುಟ್ಟಿನ ತಾರೀಖು ಇತ್ತು, ಅಲ್ಲಿಂದ ಎಣಿಸಿದರೆ 8 ವಾರ. ನನ್ನ ಮಾತು ಆ ಲೆಕ್ಕದೊಳಗೆ ಹೋಗಲೇ ಇಲ್ಲ.

ಈ ಬರಹ ಬರೆಯುತ್ತಿರುವುದು ಅದಕ್ಕೇ. ನನಗೆ ಪಿಸಿಓಎಸ್ ಇದೆ, ಅಂದರೆ ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆ ಆಗದ ತೊಂದರೆ. ಅದು ಇರುವವರಿಗೆ ಮಕ್ಕಳಾಗಲ್ಲ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದು ಸುಳ್ಳು. ಬಹಳಷ್ಟು ಜನರಿಗೆ ಆಗುತ್ತದೆ, ಕೆಲವರಿಗೆ ತಾನಾಗೇ, ಕೆಲವರಿಗೆ ಔಷಧಿಯಿಂದ. ಆದರೆ ಪ್ರತಿ ಹೆಜ್ಜೆಯಲ್ಲೂ ನಮ್ಮನ್ನು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರ ಲೆಕ್ಕದಲ್ಲಿ ಅಳೆಯುತ್ತಾರೆ. ತಪ್ಪಾಗುವುದು ಅಲ್ಲೇ.

ಮೊದಲು ಹೆಸರಿನ ಗೊಂದಲ. ಪಿಸಿಓಡಿ ಅಂತಲೂ ಅನ್ನುತ್ತಾರೆ, ನೀರುಗುಳ್ಳೆ ಅಂತಲೂ ಅನ್ನುತ್ತಾರೆ. ನನಗೆ 19ನೇ ವಯಸ್ಸಿನಲ್ಲಿ ಹೇಳಿದಾಗ, ಒಳಗೆ ಗುಳ್ಳೆಗಳೆದ್ದಿವೆ, ಯಾವತ್ತೋ ಒಡೆಯುತ್ತವೆ ಅಂತ ಹೆದರಿಕೊಂಡು ವರ್ಷಗಟ್ಟಲೆ ಬದುಕಿದೆ. ಅವು ಗುಳ್ಳೆಗಳೇ ಅಲ್ಲ. ಅಂಡ ಬೆಳೆಯುವ ಪುಟ್ಟ ಕೋಶಗಳು, ಫಾಲಿಕಲ್‌ಗಳು. ಪ್ರತಿ ತಿಂಗಳೂ ಹಲವು ಬೆಳೆಯಲು ಶುರು ಮಾಡುತ್ತವೆ, ಅದರಲ್ಲಿ ಒಂದು ಮುಂದೆ ಹೋಗಿ ಸುಮಾರು 20 ಮಿ.ಮೀ. ಆಗಿ ಒಡೆದು ಅಂಡ ಹೊರಬರಬೇಕು. ನಮ್ಮಲ್ಲಿ ಅವು 2ರಿಂದ 9 ಮಿ.ಮೀ. ಹತ್ತಿರ ಬಂದು ನಿಂತುಬಿಡುತ್ತವೆ. ಯಾಕೆ ಅಂದರೆ ಹಲವರಲ್ಲಿ ಅಂಡ ಬಿಡುಗಡೆಗೆ ಸೂಚನೆ ಕೊಡುವ ಎಲ್‌ಎಚ್ ಅನ್ನುವ ಹಾರ್ಮೋನ್ ಜಾಸ್ತಿ, ಇನ್ಸುಲಿನ್ ಕೂಡ ಜಾಸ್ತಿ, ಎರಡೂ ಸೇರಿ ಅಂಡಾಶಯದಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನ್ ಹೆಚ್ಚು ಮಾಡಿಸುತ್ತವೆ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಅನ್ನುವ ಇಬ್ಬರು ಡಾಕ್ಟರ್‌ಗಳು 7 ಹೆಂಗಸರಲ್ಲಿ ಇದನ್ನು ನೋಡಿ ಬರೆದರು. ಅಂಡಾಶಯ ಹೇಗೆ ಕಾಣಿಸುತ್ತದೆ ಅನ್ನುವುದರ ಮೇಲೆ ಅಂಟಿಕೊಂಡ ಹೆಸರು ಇವತ್ತಿಗೂ ಹೋಗಿಲ್ಲ. ಸ್ಕ್ಯಾನಿನಲ್ಲಿ ಹಾಗೆ ಕಾಣದಿದ್ದರೂ ಪಿಸಿಓಎಸ್ ಇರಬಹುದು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಒಪ್ಪಿಕೊಂಡ ಪ್ರಕಾರ ಮೂರರಲ್ಲಿ ಎರಡು ಲಕ್ಷಣ ಇದ್ದರೆ ಸಾಕು: ಮುಟ್ಟಿನ ಏರುಪೇರು, ಗಂಡು ಹಾರ್ಮೋನ್ ಜಾಸ್ತಿ ಇರುವುದು, ಸ್ಕ್ಯಾನಿನಲ್ಲಿ ಆ ಥರ ಕಾಣುವ ಅಂಡಾಶಯ.

ನನ್ನ ಮುಟ್ಟು 40 ದಿನಕ್ಕೂ ಬರುತ್ತಿತ್ತು, 70 ದಿನಕ್ಕೂ ಬರುತ್ತಿತ್ತು. ಮಗು ಬೇಕು ಅಂತ ನಿರ್ಧಾರ ಮಾಡಿದಾಗ ಮೊಬೈಲ್‌ಗೆ ಒಂದು ಆ್ಯಪ್ ಹಾಕಿಕೊಂಡೆ. 14ನೇ ದಿನಕ್ಕೆ ಹಸಿರು ಬಣ್ಣ ಹಚ್ಚಿ “ಇವತ್ತು” ಅಂತ ತೋರಿಸುತ್ತಿತ್ತು. ಒಂದು ವರ್ಷ ನಾವು ಆ ಹಸಿರು ದಿನವನ್ನೇ ನಂಬಿಕೊಂಡು ಕೂತಿದ್ದೆವು. ಓವ್ಯುಲೇಶನ್ ಆಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು, ಹಿಂದಿನ ಮುಟ್ಟಾದ 14 ದಿನಕ್ಕೆ ಅಲ್ಲ. 28 ದಿನದವರಿಗೆ ಎರಡೂ ಒಂದೇ. ನಮಗಲ್ಲ.

ಆಮೇಲೆ ಓವ್ಯುಲೇಶನ್ ಕಿಟ್ ತಂದೆ. ಅದು ಹಿಡಿಯುವುದು ಎಲ್‌ಎಚ್ ಏರಿದ್ದನ್ನು. ನಮ್ಮಲ್ಲಿ ಅದು ಮೊದಲೇ ಏರಿಕೊಂಡಿರಬಹುದಲ್ವಾ? ಒಂದು ತಿಂಗಳು ಸತತ 9 ದಿನ ಎರಡು ಗೆರೆ ಬಂತು. ಒಂಬತ್ತು ದಿನವೂ ಖುಷಿಪಟ್ಟೆ. ಅಂಡ ಬಿಡುಗಡೆ ಆಗಿರಲೇ ಇಲ್ಲ. ರಕ್ತದಲ್ಲಿ ಪ್ರೊಜೆಸ್ಟೆರಾನ್ ಅನ್ನುವ ಹಾರ್ಮೋನ್ ನೋಡುವ ‘21ನೇ ದಿನದ ಟೆಸ್ಟ್’ ಕಥೆಯೂ ಇದೇ. ಓವ್ಯುಲೇಶನ್ ಆಗಿ ಒಂದು ವಾರಕ್ಕೆ ಅದು ಏರಿರುತ್ತದೆ, ಅದಕ್ಕೇ 21. ನಿಮ್ಮ ಮುಟ್ಟು 35 ದಿನಕ್ಕೆ ಬರುವುದಾದರೆ ಆ ಟೆಸ್ಟ್ 28ನೇ ದಿನದ ಸುಮಾರಿಗೆ ಆಗಬೇಕು. ನನಗೆ ಕಣ್ಣುಮುಚ್ಚಿ 21ಕ್ಕೇ ಮಾಡಿ, ಓವ್ಯುಲೇಶನ್ ಆಗ್ತಾನೇ ಇಲ್ಲ ಅಂತ ಬರೆದುಕೊಟ್ಟಿದ್ದರು.

ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್. ಬೆಳಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆಯಿಂದ ಏಳುವ ಮೊದಲೇ, ದಿಂಬಿನ ಕೆಳಗೆ ಕೈ ಹಾಕಿ ಥರ್ಮಾಮೀಟರ್ ತೆಗೆದು ನಾಲಿಗೆ ಕೆಳಗೆ ಇಟ್ಟುಕೊಳ್ಳುವುದು, ಪೆನ್ಸಿಲಿನಲ್ಲಿ ಬರೆದಿಡುವುದು. ಅಂಡ ಹೊರಬಂದ ಮೇಲೆ ಮೈ ಬಿಸಿ ಸ್ವಲ್ಪ ಏರುತ್ತದೆ, ಏರಿದ್ದು ಹಾಗೇ ನಿಲ್ಲುತ್ತದೆ. ಇದು ಎಲ್ಲರಿಗೂ ಸರಿಬರುವುದಿಲ್ಲ. ನಿದ್ದೆ ಕೆಟ್ಟರೆ, ಜ್ವರ ಬಂದರೆ ಲೆಕ್ಕ ತಪ್ಪುತ್ತದೆ. ಮೊದಲೇ ಹೇಳುವುದೂ ಇಲ್ಲ, ಆದ ಮೇಲೆ ಹೇಳುತ್ತದೆ. ಆದರೂ ನನ್ನ ದೇಹದ ಬಗ್ಗೆ ನನ್ನ ಕೈಯಲ್ಲೇ ಇದ್ದ ಮೊದಲ ಸಾಕ್ಷಿ ಅದು.

ತೂಕದ ಮಾತು ಹೇಳದೆ ಇರಲಾರೆ. “ತೂಕ ಇಳಿಸಿ ಬನ್ನಿ” ಅಂತ ಹೇಳಿ ಕಳಿಸುವುದು ಚಿಕಿತ್ಸೆ ಅಲ್ಲ. ತೂಕ ಜಾಸ್ತಿ ಇರುವವರು ನೂರಕ್ಕೆ 5ರಷ್ಟು ಇಳಿಸಿದರೂ ಕೆಲವರಿಗೆ ಓವ್ಯುಲೇಶನ್ ಶುರುವಾಗುತ್ತದೆ, ಅದು ನಿಜ. ಆದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ದೇಹದಲ್ಲಿ ತೂಕ ಇಳಿಸುವುದು ಎಷ್ಟು ಕಷ್ಟ ಅಂತ ಹೇಳುವವರಿಗೂ ಗೊತ್ತಿರುತ್ತದೆ. ಸಣ್ಣಗಿರುವವರಿಗೂ ಪಿಸಿಓಎಸ್ ಇರುತ್ತದೆ, ಅವರಿಗೆ ಏನು ಹೇಳುತ್ತಾರೆ? ನಾನು ಎಂಟು ತಿಂಗಳಲ್ಲಿ 6 ಕೆಜಿ ಇಳಿಸಿದೆ. ಮುಟ್ಟು ಸ್ವಲ್ಪ ಹತ್ತಿರ ಬಂತು, ಅಷ್ಟೇ. ಆ ಎಂಟು ತಿಂಗಳಲ್ಲಿ ಒಬ್ಬರೂ ನನ್ನ ಗಂಡನ ವೀರ್ಯ ಪರೀಕ್ಷೆ ಮಾಡಿಸಿ ಅನ್ನಲಿಲ್ಲ. ನನಗೆ ಪಿಸಿಓಎಸ್ ಇದೆ ಅಂದ ಮೇಲೆ ತೊಂದರೆ ನನ್ನದೇ ಅಂತ ಎಲ್ಲರೂ ತೀರ್ಮಾನಿಸಿದ್ದರು, ನಾನೂ ಸೇರಿ. ಕೊನೆಗೆ ಅವರೇ “ನನ್ನದೂ ಒಂದು ಸಲ ನೋಡಿಬಿಡಲಿ” ಅಂತ ಹೋದರು. ಸರಿಯಾಗೇ ಇತ್ತು. ಆದರೆ ಅದು ಮೊದಲ ದಿನ ಆಗಬೇಕಿದ್ದ ಪರೀಕ್ಷೆ. ಮುಟ್ಟು ಏರುಪೇರು ಇರುವವರು ಒಂದು ವರ್ಷ ಕಾಯಬೇಕಾಗಿಲ್ಲ. ಮೊದಲೇ ಹೋಗಿ, ಇಬ್ಬರೂ ಹೋಗಿ.

ಆಮೇಲೆ ಅಂಡ ಬಿಡುಗಡೆ ಆಗಲಿ ಅಂತ ಲೆಟ್ರೋಜೋಲ್ ಅನ್ನುವ ಮಾತ್ರೆ ಕೊಟ್ಟರು. ಡಬ್ಬಿಯಲ್ಲಿದ್ದ ಚೀಟಿ ಬಿಚ್ಚಿ ಓದಿದರೆ ಸ್ತನ ಕ್ಯಾನ್ಸರ್‌ಗೆ ಕೊಡುವ ಮಾತ್ರೆ ಅಂತ ಇದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಒಂದೇ ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು. ಅದು ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇಳಿಸುತ್ತದೆ, ಆಗ ಮಿದುಳು ಫಾಲಿಕಲ್ ಬೆಳೆಸುವ ಹಾರ್ಮೋನ್ ಎಫ್‌ಎಸ್‌ಎಚ್ ಜಾಸ್ತಿ ಕಳಿಸುತ್ತದೆ, ನಿಂತಿದ್ದ ಫಾಲಿಕಲ್ ಬೆಳೆಯುತ್ತದೆ. ಬರೀ ಐದು ದಿನದ ಮಾತ್ರೆ. 2014ರಲ್ಲಿ ಪಿಸಿಓಎಸ್ ಇರುವ 750 ಹೆಂಗಸರ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ ಐದು ಮುಟ್ಟಿನ ಸೈಕಲ್‌ವರೆಗೆ ಔಷಧಿ ಕೊಟ್ಟು ನೋಡಿದರು. ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ ಶೇ. 27.5 ಜನಕ್ಕೆ ಮಗುವಾಯಿತು, ಹಳೆಯ ಕ್ಲೋಮಿಫಿನ್ ತೆಗೆದುಕೊಂಡವರಲ್ಲಿ ಶೇ. 19.1. ಈಗ ಸಾಮಾನ್ಯವಾಗಿ ಮೊದಲು ಕೊಡುವುದು ಇದನ್ನೇ. ಶೇ. 27.5 ಅಂದರೆ ಎಲ್ಲರಿಗೂ ಆಗಲಿಲ್ಲ ಅಂತಲೂ ಅರ್ಥ, ಅದನ್ನೂ ಮುಚ್ಚಿಡಬಾರದು.

ನನ್ನ ಮೊದಲ ಸೈಕಲ್‌ನಲ್ಲಿ 18ನೇ ದಿನದ ಸ್ಕ್ಯಾನಿಗೆ ದೊಡ್ಡ ಫಾಲಿಕಲ್ 9 ಮಿ.ಮೀ. ಇತ್ತು. “ಈ ಸೈಕಲ್ ವೇಸ್ಟ್, ಮುಟ್ಟಾದ ಮೇಲೆ ಡೋಸ್ ಜಾಸ್ತಿ ಮಾಡೋಣ” ಅಂದರು. 45 ದಿನಕ್ಕೂ ಬರದಿದ್ದರೆ ಮುಟ್ಟು ಬರಿಸುವ ಮಾತ್ರೆ ಬರೆದುಕೊಟ್ಟರು. ನಾನು ಸುಮ್ನೆ ಅಭ್ಯಾಸಬಲದಿಂದ ಥರ್ಮಾಮೀಟರ್ ಇಡುತ್ತಾ ಹೋದೆ. 31ನೇ ದಿನ ಏರಿತು. 32, 33, 34, ಇಳಿಯಲೇ ಇಲ್ಲ. 46ನೇ ದಿನ, ಆ ಮಾತ್ರೆ ನುಂಗುವ ಮೊದಲು, ಟೆಸ್ಟ್ ಮಾಡಿದೆ. ಎರಡು ಗೆರೆ. ಗೋಡೆಗೆ ಒರಗಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಅಲ್ಲಿಂದ ಹತ್ತು ದಿನಕ್ಕೆ ಆ ಸ್ಕ್ಯಾನ್.

ನನ್ನ ನೋಟ್‌ಬುಕ್ ಪ್ರಕಾರ, ಓವ್ಯುಲೇಶನ್ ಆದ 30ನೇ ದಿನವನ್ನು 2 ವಾರ ಅಂತ ಹಿಡಿದು ಎಣಿಸಿದರೆ, ಅವತ್ತು 8 ವಾರ ಅಲ್ಲ, 5 ವಾರ 5 ದಿನ. ಆ ಹೊತ್ತಿಗೆ 10 ಮಿ.ಮೀ. ಚೀಲ, ಒಳಗೊಂದು ಉಂಗುರ ಇರುವುದು ಸರಿಯಾದ ಬೆಳವಣಿಗೆಯೇ. ಹಾರ್ಟ್‌ಬೀಟ್ ಕಾಣದೇ ಇರಬಹುದು. ಗರ್ಭದ ಬೆಳವಣಿಗೆ ನಿಂತುಹೋಗಿದೆ ಅಂತ ಒಂದೇ ಸ್ಕ್ಯಾನಿನಲ್ಲಿ ಹೇಳಲು ಅಳತೆಗಳಿವೆ. ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಚೀಲ 25 ಮಿ.ಮೀ. ಆಗಿಯೂ ಭ್ರೂಣ ಕಾಣದಿರಬೇಕು, ಇಲ್ಲವೇ ಭ್ರೂಣ 7 ಮಿ.ಮೀ. ಆಗಿಯೂ ಬಡಿತ ಇರಬಾರದು. ಅದಕ್ಕಿಂತ ಚಿಕ್ಕದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ನೋಡಬೇಕು. ನಾವು ಮರುದಿನ ಹೋಗಲಿಲ್ಲ. ಬೇರೆ ಡಾಕ್ಟರ್ ಹತ್ತಿರ ನೋಟ್‌ಬುಕ್ ಹಿಡಿದುಕೊಂಡು ಹೋದೆವು. ಅವರು ಪುಟ ತಿರುಗಿಸಿ, 31ನೇ ದಿನದ ಮೇಲೆ ಬೆರಳಿಟ್ಟು, “ಕಾಯೋಣ” ಅಂದರು. 12 ದಿನ ಬಿಟ್ಟು ನೋಡಿದಾಗ 12 ಮಿ.ಮೀ. ಭ್ರೂಣ, ಒಳಗೆ ಮಿಣಮಿಣ ಮಿನುಗುವ ಒಂದು ಚುಕ್ಕೆ.

ಎಲ್ಲರ ಕಥೆಯೂ ಹೀಗೆ ಮುಗಿಯಲ್ಲ. ಪಿಸಿಓಎಸ್‌ನಲ್ಲಿ ಗರ್ಭಪಾತದ ಸಾಧ್ಯತೆ ಸ್ವಲ್ಪ ಜಾಸ್ತಿಯೇ. ನನ್ನ ಗೆಳತಿಗೆ ಎರಡನೇ ಸ್ಕ್ಯಾನಿನಲ್ಲೂ ಬಡಿತ ಇರಲಿಲ್ಲ. ಆದರೆ ಅವಳು ಆಮೇಲೆ ನನಗೆ ಹೇಳಿದ್ದು ಇದು: “ಎರಡನೇ ಸಲ ನೋಡಿದರಲ್ಲ, ಅನುಮಾನ ಉಳಿಯಲಿಲ್ಲ ಕಣೇ.”

ಗರ್ಭ ಧರಿಸಿದ ಮೇಲೂ ಪಿಸಿಓಎಸ್ ಹೋಗಿರುವುದಿಲ್ಲ. ಸಕ್ಕರೆ ಮತ್ತು ಬಿಪಿ ಏರುವ ಅಪಾಯ ಜಾಸ್ತಿ. ಮೊದಲ ಭೇಟಿಯಲ್ಲೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ ಕೇಳಿ. ಗರ್ಭ ಧರಿಸುವ ಮೊದಲೇ ಆಗಿದ್ದರೆ ಇನ್ನೂ ಒಳ್ಳೆಯದು. 24ರಿಂದ 28 ವಾರದ ನಡುವೆ ಮತ್ತೊಮ್ಮೆ. ನನಗೆ ಮೊದಲ ಸಲ ಸರಿ ಇತ್ತು, ಎರಡನೇ ಸಲ ಏರಿತ್ತು. ಬೆರಳು ಚುಚ್ಚಿ ಚುಚ್ಚಿ ತುದಿಗಳು ಗಟ್ಟಿಯಾಗಿದ್ದವು, ಆದರೆ ಹಿಡಿತದಲ್ಲಿತ್ತು.

ಆ ಎರಡನೇ ಡಾಕ್ಟರ್ ಮೊದಲ ದಿನವೇ ಫೈಲಿನಲ್ಲಿದ್ದ ಹೆರಿಗೆಯ ತಾರೀಖಿಗೆ ಗೆರೆ ಹೊಡೆದು, 16 ದಿನ ಮುಂದಿನ ತಾರೀಖು ಬರೆದಿದ್ದರು. ಮಗಳು ಹುಟ್ಟಿದ್ದು ಆ ಲೆಕ್ಕದಲ್ಲಿ 39 ವಾರ 2 ದಿನಕ್ಕೆ, ನೋವು ತಾನಾಗೇ ಬಂದು. ಹಳೆಯ ಲೆಕ್ಕದಲ್ಲಿ ಅದು 41 ವಾರ 4 ದಿನ. ಗೆರೆ ಹೊಡೆಯದೇ ಇದ್ದಿದ್ದರೆ, ದಿನ ಮೀರಿತು ಅಂತ ಅಷ್ಟರೊಳಗೇ ನೋವು ಬರಿಸಿರುತ್ತಿದ್ದರೇನೋ.